ಕೆ ಎನ್ ಪದಗಳ ಪಟ್ಟಿ: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ಚಿಕ್ಕಪ್ಪ (ಶಿವಮೊಗ್ಗ): ಮಕ್ಕಳಿಗೆಲ್ಲ ತೋರಿಸಿ. ಕೆ ಎನ್ ಇಂದ ಶುರುವಾಗುವ ಇಂಗ್ಲಿಷ್ ಪದಗಳು, ಅರ್ಥದ ಸಮೇತ. ನೀ: ಮಂಡಿ. ನೈಫ್: ಚಾಕು. ನಾಟ್: ಗಂಟು. ನೀಡ್: ನಾದು. ನಕಲ್: ಬೆರಳಿನ ಗಿಣ್ಣು. ನ್ಯಾಕ್: ಕೈಚಳಕ. ನೋಲ್: ದಿಬ್ಬ. ನೆಲ್: ಸಾವಿನ ಗಂಟೆ. ನೈಟ್: ಸರದಾರ. ನೇವ್: ಚರ್ಚಿನ ನಡುವಿನ ಅಂಕಣ. ಭಾನುವಾರದೊಳಗೆ ಬಾಯಿಪಾಠ ಆಗಬೇಕು. ತಪ್ಪಿಲ್ಲದೆ ಹೇಳಿದವರಿಗೆ ನನ್ನ ಕಡೆಯಿಂದ ಪೆನ್ ಸೆಟ್.

ಅತ್ತಿಗೆ (ತೀರ್ಥಹಳ್ಳಿ): ಚಿಕ್ಕಮಾವ, ಪುಟ್ಟಿ ಇದನ್ನ ಕ್ನೀ, ಕ್ನೈಫ್ ಅಂತ ಓದಿದಳು. ಅವಳಣ್ಣ ಬಿದ್ದು ಬಿದ್ದು ನಕ್ಕ. ಈಗ ಪುಸ್ತಕ ಮುಟ್ಟೋದಿಲ್ಲ ಅಂತ ಕೂತಿದ್ದಾಳೆ.

ಚಿಕ್ಕಪ್ಪ: ನಗಲಿ ಬಿಡಮ್ಮ. ಒಂದ್ಸಲ ನಾಚಿಕೆ ಆದರೆ ಜನ್ಮದಲ್ಲಿ ಮರೆಯೋದಿಲ್ಲ. ನಾವೂ ಹಾಗೇ ಕಲಿತದ್ದು.

ನಾನು: ಚಿಕ್ಕಪ್ಪ, ಇದನ್ನ ನಾನು ಒಪ್ಪೋದಿಲ್ಲ. ಪುಟ್ಟಿ ಓದಿದ್ದರಲ್ಲಿ ನಗುವಂಥದ್ದು ಏನೂ ಇಲ್ಲ. ಹಳೇ ಕಾಲದಲ್ಲಿ ಇಂಗ್ಲಿಷಿನವರು ಕೂಡ ಆ ಕೆ ಸದ್ದು ಬಿಡದೆ, ಕ್ನ ಅಂತಲೇ ಹೇಳುತ್ತಿದ್ದರು. 1476ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದಾಗಲೂ ಆ ಕೆ ಕೇಳಿಸುತ್ತಿತ್ತು. ಅಚ್ಚು ಬಂದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು. ನಾಲಿಗೆ ಮಾತ್ರ ತನ್ನ ಪಾಡಿಗೆ ಬದಲಾಗುತ್ತಾ ಹೋಯಿತು. 17ನೇ ಶತಮಾನದ ಕೊನೆಯ ಹೊತ್ತಿಗೆ ಕೆ ಸದ್ದು ಸವೆದು ಬಿದ್ದುಹೋಯಿತು, ಅಕ್ಷರ ಉಳಿಯಿತು. ಜರ್ಮನಿಯವರು, ಡಚ್ಚರು ಮಂಡಿಗೆ ಇವತ್ತಿಗೂ ಕ್ನೀ ಅಂತಲೇ ಅನ್ನುತ್ತಾರೆ. 1894ರಲ್ಲಿ ನಮ್ಮ ಭಾಷೆಗೆ ಅಷ್ಟು ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ ಅವರು ಜರ್ಮನಿಯವರೇ ಅಲ್ವಾ? ಪುಟ್ಟಿ ಓದಿದ್ದು ಅವರ ಕಿವಿಗೆ ಬಿದ್ದಿದ್ದರೆ ಊರಿನ ಮಾತು ಕೇಳಿದ ಹಾಗಾಗುತ್ತಿತ್ತು.

ಬರೆದದ್ದನ್ನೆಲ್ಲ ಓದಬೇಕು ಅಂತ ಕನ್ನಡದಲ್ಲಿ ನಾವೇ ಅವಳಿಗೆ ಕಲಿಸಿದ್ದೇವೆ. ಅದನ್ನೇ ಮಾಡಿದ ಮಗುವಿಗೆ ಹೇಳಬೇಕಾದ್ದು, "ಸರಿಯಾಗೇ ನೋಡಿದೀಯ ಪುಟ್ಟಿ, ಆದರೆ ಈಗ ಅವರು ಈ ಕೆ ಹೇಳೋದನ್ನ ಬಿಟ್ಟಿದ್ದಾರೆ" ಅಂತ. ಅಷ್ಟು ಸಾಕು.

ಅಣ್ಣ (ಬೆಂಗಳೂರು): ಇತಿಹಾಸ ಚೆನ್ನಾಗಿದೆ. ಆದರೆ ನಾಳೆ ಇಂಟರ್‌ವ್ಯೂನಲ್ಲಿ ಕ್ನೈಫ್ ಅಂದರೆ ಎದುರು ಕೂತವರು ಕ್ಯಾಕ್ಸ್‌ಟನ್ ನೆನೆಸಿಕೊಳ್ಳೋದಿಲ್ಲ. ಚಿಕ್ಕಪ್ಪ ಹೇಳೋದು ಸರಿ. ಬಾಯಿಪಾಠ ಮಾಡಲಿ, ಮುಗೀತು.

ನಾನು: ಉಚ್ಚಾರ ತಿದ್ದಬೇಡಿ ಅಂತ ನಾನು ಎಲ್ಲಿ ಹೇಳಿದೆ ಅಣ್ಣ? ತಿದ್ದಲೇಬೇಕು. ನಗಬೇಡಿ ಅಂದೆ. ಮೂರನೇ ಕ್ಲಾಸಿನ ಮಗುವಿಗೆ ಓದೋದು ಅಂದರೆ ಭಯ ಅಂತಾದರೆ ಪೆನ್ ಸೆಟ್ ತಗೊಂಡು ಏನು ಮಾಡೋದು?

ಚಿಕ್ಕಪ್ಪ: ಹೇಳದೇ ಇರುವ ಅಕ್ಷರ ಯಾಕೆ ಇಟ್ಟುಕೊಂಡಿದ್ದಾರೆ ಮತ್ತೆ? ಕಿತ್ತು ಬಿಸಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ನಾನು: ಕಿವಿಗೆ ಬೇಡ, ಕಣ್ಣಿಗೆ ಬೇಕು. ಕೆ ತೆಗೆದರೆ ಗಂಟು ಅನ್ನುವ ನಾಟ್, ಇಲ್ಲ ಅನ್ನುವ ನಾಟ್ ಎರಡೂ ಒಂದೇ ಥರ ಕಾಣುತ್ತವೆ. ಸರದಾರನೂ ರಾತ್ರಿಯೂ ಒಂದೇ ಆಗುತ್ತವೆ. ಮತ್ತೆ ಆ ಕೆ ಪೂರ್ತಿ ಸತ್ತಿಲ್ಲ. ನಾಲೆಜ್ ಅನ್ನುವಾಗ ಕೇಳಿಸೋದಿಲ್ಲ, ಅಕ್ನಾಲೆಜ್ ಅನ್ನಿ, ಕ ಸದ್ದು ಬರುತ್ತೆ. ಪುಟ್ಟಿಗೆ ಅದನ್ನ ಹೇಳಿಸಿ ನೋಡಿ ಅತ್ತಿಗೆ.

ಇನ್ನೊಂದು ಮಾತು. ಮಂಡಿ ಅನ್ನುವ ಈ ನೀ ನಮಗೆ ಗುರುತಿಲ್ಲದ ಪದ ಏನಲ್ಲ. ಸಂಸ್ಕೃತದ ಜಾನು ಇದರ ನೆಂಟ, ಎರಡೂ ಒಂದೇ ಮೂಲದಿಂದ ಬಂದವು. ಮಂಡಿ ಮುಟ್ಟುವ ಕೈಯವನಿಗೆ ನಾವು ಆಜಾನುಬಾಹು ಅನ್ನೋದಿಲ್ವಾ, ಅದೇ ಜಾನು. ತಿಳಿ ಅನ್ನುವ ನೋ, ತಿಳಿವು ಅನ್ನುವ ನಾಲೆಜ್ ಕೂಡ ಹಾಗೇ ಜ್ಞಾನದ ನೆಂಟರು. ಬರೀ ಅಕ್ಷರ ನೋಡಿ ಸಾಲು ನಿಲ್ಲಿಸುವ ಪಟ್ಟಿಯಲ್ಲಿ ಇದು ಯಾವುದೂ ಇರೋದಿಲ್ಲ. ಕಾಗುಣಿತಕ್ಕೆ ಅಂಥ ಪಟ್ಟಿ ಒಳ್ಳೆಯದೇ, ಹತ್ತು ಪದ ಒಟ್ಟಿಗೆ ನೋಡಿದರೆ ಕೆ ಮರೆಯೋದಿಲ್ಲ. ಅರ್ಥ ಮಾತ್ರ ಅದರಿಂದ ತಲೆಗೆ ಹತ್ತೋದಿಲ್ಲ.

ದೊಡ್ಡತ್ತೆ (ಸಾಗರ): ಕರೆಂಟ್ ಇರಲಿಲ್ಲ, ಈಗ ನೋಡಿದೆ. ಅರ್ಥದ ಮಾತು ನಿಜ. ನೋಲ್, ನೆಲ್ ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಗು ಯಾವತ್ತೂ ಅದಲು ಬದಲು ಮಾಡುತ್ತೆ. ನೀಡ್ ಅನ್ನೋದನ್ನ ನಾನಾದರೆ ಒಲೆ ಪಕ್ಕ ಕಲಿಸುತ್ತೇನೆ. ಅಕ್ಕಿ ರೊಟ್ಟಿಗೆ ಉಕ್ಕರಿಸಿದ ಹಿಟ್ಟು ಇನ್ನೂ ಸುಡುತ್ತಿರುವಾಗಲೇ ಕೈಗೆ ತಣ್ಣೀರು ಮುಟ್ಟಿಸಿಕೊಂಡು ನಾದಬೇಕು. ಆರಿದ ಮೇಲೆ ನಾದಿದರೆ ರೊಟ್ಟಿ ಅಂಚು ಸೀಳುತ್ತೆ. ನಾದುವಾಗ ಒತ್ತೋದು ಬೆರಳಿನ ಗಿಣ್ಣಿನಲ್ಲಿ, ಅಲ್ಲಿಗೆ ನಕಲ್ ಬಂತು. ಸೀಳದ ಹಾಗೆ ತಟ್ಟೋದು ನ್ಯಾಕ್. ನಾಟ್ ಬೇಕಾದರೆ ಅಡಿಕೆ ಕೊನೆ ತೆಗೆಯುವ ದಿನ ತೋಟಕ್ಕೆ ಕಳಿಸಿ, ಕೊನೆಗಾರ ಹಗ್ಗಕ್ಕೆ ಹಾಕುವ ಗಂಟು ನೋಡಲಿ. ದಿಬ್ಬ ಅಂತೂ ಮನೆ ಹಿಂದೇನೇ ಇದೆ.

ಅತ್ತಿಗೆ: ಅತ್ತೆ, ರೊಟ್ಟಿ ಇವತ್ತು ರಾತ್ರಿಗೇ ಮಾಡುತ್ತೇನೆ. ಅವಳನ್ನೂ ಕೂರಿಸಿಕೊಳ್ಳುತ್ತೇನೆ.

ನಾನು: ಚಿಕ್ಕಪ್ಪ, ಪಟ್ಟಿಯ ಕೊನೇ ಸಾಲು ತಪ್ಪಿದೆ. ಚರ್ಚಿನ ನಡುವಿನ ಅಂಕಣ ಅನ್ನುವ ನೇವ್‌ಗೆ ಕೆ ಇಲ್ಲವೇ ಇಲ್ಲ. ಕೆ ಇರುವ ನೇವ್ ಅಂದರೆ ಮೋಸಗಾರ.

ಚಿಕ್ಕಪ್ಪ: ಹೌದಾ? ಇಸ್ಪೀಟಿನಲ್ಲಿ ಹಳಬರು ಗುಲಾಮನಿಗೆ ನೇವ್ ಅನ್ನುತ್ತಿದ್ದ ಹಾಗೆ ನೆನಪು.

ನಾನು: ಅದೇ ನೇವ್. ಮೊದಲು ಅದಕ್ಕೆ ಹುಡುಗ ಅಂತಷ್ಟೇ ಅರ್ಥ ಇತ್ತು. ಆಮೇಲೆ ಆಳು ಅಂತಾಯಿತು, ಆಮೇಲೆ ಮೋಸಗಾರ. ನೈಟ್ ಕೂಡ ಹುಡುಗ, ಆಳು ಅನ್ನುವ ಅರ್ಥದಿಂದಲೇ ಹೊರಟಿದ್ದು, ಅದು ಮೇಲೆ ಹತ್ತಿ ಸರದಾರ ಆಯಿತು. ಒಂದೇ ಜಾಗದಿಂದ ಹೊರಟ ಎರಡು ಪದ, ಒಂದು ಇಳಿಯಿತು, ಒಂದು ಏರಿತು. ಇದನ್ನ ಕಥೆ ಮಾಡಿ ಹೇಳಿದರೆ ಯಾವ ಮಗು ಮರೆಯುತ್ತೆ ಹೇಳಿ?

ಅಣ್ಣ: ಇದು ನನಗೂ ಗೊತ್ತಿರಲಿಲ್ಲ. ಆದರೂ ಉಚ್ಚಾರ ಮುಖ್ಯ ಅನ್ನುವ ಮಾತು ನಾನು ಬಿಡೋದಿಲ್ಲ. ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ, ಪುಟ್ಟಿ ನನಗೆ ಓದಿ ಹೇಳಲಿ. ಅವಳಣ್ಣ ನಗೋ ಹಾಗಿಲ್ಲ, ಅದನ್ನ ನಾನೇ ಅವನಿಗೆ ಹೇಳುತ್ತೇನೆ.

ಚಿಕ್ಕಪ್ಪ: ಆಯಿತು. ನೇವ್ ಸಾಲು ತಿದ್ದಿ ಮತ್ತೆ ಹಾಕುತ್ತೇನೆ. ಬಾಯಿಪಾಠ ಬೇಡ, ಅರ್ಥ ಗೊತ್ತಾದರೆ ಸಾಕು. ಪೆನ್ ಸೆಟ್ ಇಬ್ಬರಿಗೂ ತರುತ್ತೇನೆ.