ಕಲ್ಪಿತ ರಾಜ್ಯಕ್ಕೆ ಚೆಲುವು ಮೊದಲೋ, ಕಾವಲು ಮೊದಲೋ? ಅನುಭವ ತಿಳಿಸಿ

ಪ್ರಶ್ನೆ: ನನ್ನ ಕಾದಂಬರಿಯ ರಾಜಧಾನಿ ಸರೋವರದ ನಡುವಿನ ದ್ವೀಪದಲ್ಲಿದೆ. ಬಿಳಿಯ ಗೋಪುರಗಳಿವೆ, ಎದುರು ದಡದ ತುಂಬ ಮರದ ತೋಪುಗಳಿವೆ. ಮೂರನೆಯ ಭಾಗದಲ್ಲಿ ಮುತ್ತಿಗೆ ನಡೆಯಲಿದೆ. ಅಂದ ಕೆಡದಂತೆ ಕೋಟೆಯನ್ನು ನಂಬಿಸಿದವರು ಯಾರಾದರೂ ಇದ್ದೀರಾ?

ಹಸ್ತಪ್ರತಿ: ಗಾಜಿನ ಕಮಾನುಗಳ ನನ್ನ ನಗರಕ್ಕೆ 14 ತಿಂಗಳು ಹಿಡಿಯಿತು. ಮೊದಲ ಓದುಗರು "ಮೊದಲ ಕಲ್ಲು ಬಿದ್ದ ದಿನ ಇದರ ಗತಿಯೇನು?" ಎಂದು ಕೇಳಿದ ಒಂದೇ ಪ್ರಶ್ನೆಗೆ 212 ಪುಟಗಳಲ್ಲಿ 61ನ್ನು ಹರಿದುಹಾಕಿದೆ, ಅದರಲ್ಲಿ ನಾನು ಅತ್ಯಂತ ಪ್ರೀತಿಯಿಂದ ಬರೆದಿದ್ದ ದೀಪೋತ್ಸವದ ಅಧ್ಯಾಯವೂ ಹೋಯಿತು. ಆದರೂ ಕಮಾನುಗಳನ್ನು ಬಿಟ್ಟುಕೊಡಲಿಲ್ಲ. ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಅರಮನೆಯ ಕೆಲಸ 1869ರಲ್ಲಿ ಆರಂಭವಾಗುವ ಹೊತ್ತಿಗೆ ಫಿರಂಗಿಗಳ ಎದುರು ಎತ್ತರದ ಗೋಪುರಗಳಿಗೆ ಬೆಲೆಯಿರಲಿಲ್ಲ. ಕಾವಲಿನ ಹೊರೆಯಿಲ್ಲದ್ದರಿಂದಲೇ ಅದು ಅಷ್ಟು ಚೆಲುವಾಯಿತು.

ದಾಳಿಕೋರ: ನಾನು ಇದಕ್ಕೆ ತದ್ವಿರುದ್ಧವಾಗಿ ನಡೆದು ಕೈಸುಟ್ಟುಕೊಂಡವನು. ನಾಲ್ವರು ಗೆಳೆಯರ ಆಟಕ್ಕೆಂದು ನಕ್ಷತ್ರಾಕಾರದ ಕೋಟೆ ಕಟ್ಟಿದೆ: ತಗ್ಗಾದ ದಪ್ಪ ಗೋಡೆ, ಒಂದು ಇನ್ನೊಂದರ ಬುಡವನ್ನು ಕಾಯುವ ಕೊತ್ತಲಗಳು, ಎಂಟು ತಿಂಗಳ ಧಾನ್ಯದ ಕಣಜ, ಮೂರು ಬಾವಿ. ಗುಂಡು ತಲುಪುವ ಕೋನಗಳ ಲೆಕ್ಕಕ್ಕೇ ಎರಡು ನೋಟ್‌ಬುಕ್ ಮುಗಿದವು. ಮುತ್ತಿಗೆಯ ಮೂರನೆಯ ವಾರ ಇಬ್ಬರು ಬೇಸತ್ತು ಆಟ ಬಿಟ್ಟರು. ವೆನಿಸ್ ಗಣರಾಜ್ಯ 1593ರಲ್ಲಿ ಕಟ್ಟಲಾರಂಭಿಸಿದ ಪಾಲ್ಮನೋವಾ ಎಂಬ ಕೋಟೆನಗರ ಇಂಥದ್ದೇ ಒಂಬತ್ತು ಮೂಲೆಯ ನಕ್ಷತ್ರ. ಜನ ಬಂದು ನೆಲೆಸದ ಕಾರಣ 1622ರಲ್ಲಿ ಅಪರಾಧಿಗಳಿಗೆ ಕ್ಷಮಾದಾನ ನೀಡಿ ಅಲ್ಲಿ ನೆಲೆಗೊಳಿಸಬೇಕಾಯಿತು.

ನಕ್ಷೆಗಾರ: ಹಸ್ತಪ್ರತಿಯವರ ಗಾಜಿನ ವಾದ ಸೋಮಾರಿತನವೆಂದು ನನಗನ್ನಿಸುತ್ತದೆ. ದಡದ ಮರಗಳನ್ನು ಹಾಗೇ ಬಿಡುವುದೆಂದರೆ ಶತ್ರುವಿಗೆ ಏಣಿ, ತೆಪ್ಪ, ಕವಣೆಯಂತ್ರಗಳನ್ನು ನೀವೇ ಒದಗಿಸಿದಂತೆ. ನನ್ನ ನಕ್ಷೆಯಲ್ಲಿ ಒಂದು ಕಾಡನ್ನೇ ಅಳಿಸಿ, ಏಳು ಹಾಳೆಗಳನ್ನು ಹೊಸದಾಗಿ ಬರೆದಿದ್ದೇನೆ. ನೀರನ್ನೂ ನಂಬಬೇಡಿ: 1453ರಲ್ಲಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಬಂದರಿಗೆ ಅಡ್ಡಲಾಗಿ ಸರಪಳಿಯಿದ್ದರೂ ಮುತ್ತಿಗೆ ಹಾಕಿದ ಆಟೋಮನ್ ಸುಲ್ತಾನ ಎರಡನೆಯ ಮೆಹ್ಮದನ ಹಡಗುಗಳು ನೆಲದ ಮೇಲೆ ಎಳೆಸಿಕೊಂಡು ಒಳಬಂದವು.

ಹಸ್ತಪ್ರತಿ: ಮರಗಳ ಮಾತನ್ನು ನಾನು ಎತ್ತಿಯೇ ಇಲ್ಲ; ಅವು ಪ್ರಶ್ನೆ ಕೇಳಿದವರ ಮರಗಳು. ಓದಿ ಉತ್ತರಿಸುವ ಸೌಜನ್ಯವಿರಲಿ. ನೀವೇ ಹೆಸರಿಸಿದ ನಗರದ ಗೋಡೆಗಳಲ್ಲಿ ಸುಣ್ಣಕಲ್ಲು ಮತ್ತು ಇಟ್ಟಿಗೆಯ ಪಟ್ಟೆಗಳಿವೆ. ಅಷ್ಟು ಅಂದವಿದ್ದೂ ಅವು ಸಾವಿರ ವರ್ಷ ಶತ್ರುಗಳನ್ನು ತಡೆದವು.

ನಕ್ಷೆಗಾರ: 1204ರಲ್ಲಿ ಕ್ರೈಸ್ತ ಧರ್ಮಯೋಧರು (ಕ್ರುಸೇಡರ್‌ಗಳು) ಒಳನುಗ್ಗಿದ್ದು ಲೆಕ್ಕಕ್ಕಿಲ್ಲವೇ?

ಹಸ್ತಪ್ರತಿ: ಅವರು ನುಗ್ಗಿದ್ದು ಬಂದರಿನ ಕಡೆಯ ಗೋಡೆಯಿಂದ. ನಾನು ಹೇಳಿದ್ದು ನೆಲದ ಕಡೆಯ ಗೋಡೆಯ ಮಾತು.

ನಕ್ಷೆಗಾರ: ಅದನ್ನು ಈಗ ಹೇಳುತ್ತಿದ್ದೀರಿ.

ಪ್ರಶ್ನೆ ಕೇಳಿದವರು: ತೋಪನ್ನು ಕಡಿಸಲು ರಾಣಿಯೇ ಅಪ್ಪಣೆ ಕೊಡುವ ಅಧ್ಯಾಯವೊಂದನ್ನು ಬರೆಯಲು ಕುಳಿತಿದ್ದೇನೆ. ದ್ವೀಪದವರು ಎಷ್ಟು ದಿನ ಉಣ್ಣಬಲ್ಲರು ಎಂಬುದನ್ನು ಯಾರಾದರೂ ತಿಳಿಸುವಿರಾ?

ದಾಳಿಕೋರ: ನನ್ನ ಕಣಜದಲ್ಲಿ ಎಂಟು ತಿಂಗಳಿಗಾಗುವಷ್ಟಿತ್ತು. ಇಲಿಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.