ಪಿಗ್ಮೆಂಟ್ ಕೋಡ್ ಬಗ್ಗೆ ಏನಾದ್ರೂ ಕೇಳಿ: ಚಿತ್ರ ಸಂರಕ್ಷಕಿಯ ಜೊತೆ ಪ್ರಶ್ನೋತ್ತರ

ಕುಂಚಪ್ರಿಯೆ: ಮೇಡಂ, ನನ್ನ ಹತ್ತಿರ ಎರಡು ಕಂಪನಿಯ ಅಲ್ಟ್ರಾಮರೀನ್ ನೀಲಿ ಟ್ಯೂಬ್ ಇದೆ. ಎರಡರ ಹಿಂದೆಯೂ ಪಿಬಿ29 ಅಂತಿದೆ. ಎರಡೂ ಒಂದೇನಾ?

ಸಂರಕ್ಷಕಿ: ಪಿಗ್ಮೆಂಟ್, ಅಂದ್ರೆ ಬಣ್ಣ ಕೊಡುವ ಪುಡಿ, ಒಂದೇ. ಪಿ ಅಂದ್ರೆ ಪಿಗ್ಮೆಂಟ್, ಬಿ ಅಂದ್ರೆ ನೀಲಿ, 29 ಅದರ ನಂಬರು. ಆದರೆ ಪುಡಿ ಎಷ್ಟು ನುಣುಪು, ಅಂಟು ಯಾವುದು, ಎಷ್ಟು ಕಲಬೆರಕೆ ಅನ್ನೋದನ್ನ ಕೋಡ್ ಹೇಳಲ್ಲ.

ಕಾಗದದ ದೋಣಿ: ಅಲಿಜರಿನ್ ಕ್ರಿಮ್ಸನ್ ಅನ್ನೋ ಕಡುಗೆಂಪು, ಪಿಆರ್83, ಬಳಸಬಹುದಾ?

ಸಂರಕ್ಷಕಿ: ಮುಚ್ಚಿಡುವ ಸ್ಕೆಚ್ ಪುಸ್ತಕಕ್ಕೆ ಸರಿ. ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ, ಬೆಳಕಿಗೆ ಮಾಸುತ್ತದೆ. ಬದಲಿಗೆ ಅಷ್ಟು ಬೇಗ ಮಾಸದ ಪಿವಿ19 ನೋಡಿ.

ಹಳೇ ಪೆಟ್ಟಿಗೆ: ತಾತನ ಬಣ್ಣದ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಹಸಿರು ಪುಡಿ ಸಿಕ್ಕಿತು. ಚೀಟಿಯಲ್ಲಿ ಎಮರಾಲ್ಡ್ ಗ್ರೀನ್ ಅಂತಷ್ಟೇ ಇದೆ. ನಿನ್ನೆ ಅಡುಗೆಮನೆ ಕಟ್ಟೆ ಮೇಲೆ ಗಾಜು ಇಟ್ಟು, ಎಣ್ಣೆ ಹಾಕಿ ಅರೆದೆ. ಎಂಥ ಹಸಿರು ಅಂತೀರಿ! ಇದರ ಕೋಡ್ ಏನು?

ಸಂರಕ್ಷಕಿ: ಮೊದಲು ಡಬ್ಬಿ ಮುಚ್ಚಿ. ಇನ್ನು ಅರೆಯಬೇಡಿ.
ಇದು ಪಿಜಿ21 ಇರಬಹುದು. ತಾಮ್ರ, ಆರ್ಸೆನಿಕ್ ಸೇರಿದ ಬಣ್ಣ. 1814ರಲ್ಲಿ ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಮಾರಾಟಕ್ಕೆ ತಯಾರಿಸಲು ಶುರು ಮಾಡಿದರು. ಆಮೇಲೆ ಇದೇ ಪುಡಿಯನ್ನು ಬೆಳೆಯ ಹುಳ ಕೊಲ್ಲಲು ಎರಚುತ್ತಿದ್ದರು. ಈಗಿನ ಟ್ಯೂಬುಗಳಲ್ಲಿ ಎಮರಾಲ್ಡ್ ಅಂದ್ರೆ ಹೆಚ್ಚಾಗಿ ಪಿಜಿ7, ಆರ್ಸೆನಿಕ್ ಇಲ್ಲದ ಬೇರೆ ಹಸಿರು. ಫ್ರೆಂಚರು ಅದೇ ಹೆಸರಲ್ಲಿ ಕರೆಯೋದು ಪಿಜಿ18, ಅದು ಮತ್ತೊಂದು ಹಸಿರು. ಹೆಸರು ನಂಬಿ ಕೂರಬೇಡಿ ಅಂತ ನಾನು ಬಡಿದುಕೊಳ್ಳೋದು ಇದಕ್ಕೇ. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್‌ರೇ ಹಾಯಿಸಿ ಯಾವ ಧಾತು ಇದೆ ಅಂತ ಗುರುತಿಸುವುದು) ಇರುವ ಲ್ಯಾಬ್ ಹೇಳಬಲ್ಲದು.
ಅಲ್ಲಿವರೆಗೆ ವಿಷ ಅಂತಲೇ ತಿಳಿಯಿರಿ. ಗುಡಿಸಬೇಡಿ, ಪುಡಿ ಏಳುತ್ತದೆ. ಗ್ಲೌಸ್, ಮಾಸ್ಕ್ ಹಾಕಿ ಒದ್ದೆ ಕಾಗದದಲ್ಲಿ ಒರೆಸಿ ಚೀಲದಲ್ಲಿ ಕಟ್ಟಿಡಿ. ಗಾಜನ್ನು ಸಿಂಕಲ್ಲಿ ತೊಳೆಯಬೇಡಿ. ಕಟ್ಟೆ ಮೇಲೆ ತೆರೆದಿದ್ದ ತಿಂಡಿ ಬಿಸಾಡಿ. ಅರೆಯುವಾಗ ಮಾಸ್ಕ್ ಇತ್ತಾ? ಪಕ್ಕದಲ್ಲಿ ಮಕ್ಕಳಿದ್ರಾ?

ಶುಭೋದಯ: ಫಾರ್ವರ್ಡ್ ಬಂದಿದೆ. ಹಾಲು ಕುಡಿದರೆ ವಿಷ ಇಳಿಯುತ್ತೆ. ಡಬ್ಬಿಗೆ ನಿಂಬೆರಸ ಹಾಕಿದರೆ ಸಾಕು. ಚಿತ್ರದ ಧೂಳಿಗೂ ನಿಂಬೆ ರಾಮಬಾಣ 🙏

ಸಂರಕ್ಷಕಿ: ಹಾಲು ಆರ್ಸೆನಿಕ್‌ಗೆ ಮದ್ದಲ್ಲ. ಹುಳಿ ಬಿದ್ದರೆ ಆ ಹಸಿರು ಒಡೆದು ವಿಷ ನೀರಿಗೆ ಬಿಡುತ್ತದೆ. ಚಿತ್ರಕ್ಕೆ ನಿಂಬೆ ತಿಕ್ಕಿದರೆ ಅಲ್ಟ್ರಾಮರೀನ್ ಬಿಳಚಿಕೊಳ್ಳುತ್ತದೆ. ದಯವಿಟ್ಟು ಆ ಫಾರ್ವರ್ಡ್ ಅಳಿಸಿ.

ಮಸಿಕುಡಿಕೆ: ಪಿಆರ್83 ಸುಮ್ನೆ ಬೈಸಿಕೊಳ್ತಿದೆ. ನನ್ನ ಹತ್ತು ವರ್ಷದ ಚಿತ್ರ ಹಾಗೇ ಇದೆ.

ಕುಂಚಪ್ರಿಯೆ: ಎಲ್ಲಿಟ್ಟಿದ್ದೀರಿ?

ಮಸಿಕುಡಿಕೆ: ಡ್ರಾಯರ್‌ನಲ್ಲಿ.

ಕುಂಚಪ್ರಿಯೆ: ಅಲ್ವಾ ಮತ್ತೆ!

ಮಸಿಕುಡಿಕೆ: ನಿಮ್ಮಂಥವರು ಕೋಡ್ ಬಾಯಿಪಾಠ ಮಾಡ್ತೀರಿ, ಚಿತ್ರ ಬರೆಯಲ್ಲ.

ಕುಂಚಪ್ರಿಯೆ: ಬರೆದದ್ದನ್ನ ಡ್ರಾಯರ್‌ನಲ್ಲಿ ಬಚ್ಚಿಡೋದಕ್ಕಿಂತ ವಾಸಿ.

ಹೊಸಬ: ಎಣ್ಣೆಬಣ್ಣದಲ್ಲಿ ಸತುವಿನ ಬಿಳಿ ಪಿಡಬ್ಲ್ಯೂ4 ಬಿರುಕು ಬಿಡುತ್ತಾ ಮೇಡಂ?

ಶುಭೋದಯ: ಒಳ್ಳೇದಕ್ಕೆ ಹಾಕಿದ್ದು. ಅಳಿಸಲ್ಲ.

ಬಿಸಿಲುಗುದುರೆ: ಪಿಆರ್83 ಬಳಸಬಹುದಾ?

ಸಂರಕ್ಷಕಿ: ಮೇಲೆ ಓದಿ. ಹಳೇ ಪೆಟ್ಟಿಗೆಯವರೇ, ಎಲ್ಲಿದ್ದೀರಿ?

ಹಳೇ ಪೆಟ್ಟಿಗೆ: ಮಾಸ್ಕ್ ಇರಲಿಲ್ಲ. ಮಗಳು ಪಕ್ಕದಲ್ಲೇ ಕೂತಿದ್ದಳು, ಬೆರಳಲ್ಲಿ ಮುಟ್ಟಿದ್ದಳು. ಬೆಳಿಗ್ಗೆಯಿಂದ ಹೊಟ್ಟೆನೋವು ಅಂತಿದ್ದಾಳೆ.

ಸಂರಕ್ಷಕಿ: ಈಗಲೇ ಆಸ್ಪತ್ರೆಗೆ ಹೊರಡಿ. ಆರ್ಸೆನಿಕ್ ಇರಬಹುದು ಅಂತ ಬಾಗಿಲಲ್ಲೇ ಹೇಳಿ. ಚೀಟಿಯ ಫೋಟೊ ಸಾಕು, ಡಬ್ಬಿ ಒಯ್ಯಬೇಡಿ.

ಬಿಸಿಲುಗುದುರೆ: ಮೇಲೆ ಅಂದ್ರೆ ಎಲ್ಲಿ?

ಹಳೇ ಪೆಟ್ಟಿಗೆ: ಹೊರಟೆವು.