ಕಾಗದಕ್ಕೆ ಚಾರ್ಜೇ ಇಲ್ಲ, ಬಾಚಣಿಗೆ ಅದನ್ನು ಎಳೆಯೋದು ಹೇಗೆ?

ಪ್ರಶ್ನೆ (ವಿದ್ಯಾರ್ಥಿನಿ): ನಮಸ್ತೆ ಮೇಡಂ. ನಮಗೆ ಸ್ಥಿರವಿದ್ಯುತ್ ಪಾಠ ಈಗಷ್ಟೇ ಶುರುವಾಗಿದೆ. ಒಂದೇ ಜಾತಿಯ ಆವೇಶಗಳು (ಅಂದರೆ ಚಾರ್ಜುಗಳು) ದೂರ ತಳ್ಳುತ್ತವೆ, ಬೇರೆ ಜಾತಿಯವು ಹತ್ತಿರ ಎಳೆಯುತ್ತವೆ. ಅಷ್ಟು ತಿಳಿಯಿತು. ಆದರೆ ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುತ್ತದಲ್ಲ, ಆ ಕಾಗದವನ್ನು ಯಾರೂ ಉಜ್ಜಿಲ್ಲ. ಅದಕ್ಕೆ ಚಾರ್ಜೇ ಇಲ್ಲ. ಮತ್ತೆ ಯಾಕೆ ಬರುತ್ತದೆ? ಇನ್ನೊಂದು, ಕೆಲವು ಚೂರುಗಳು ಬಂದು ಅಂಟಿಕೊಂಡು, ಸ್ವಲ್ಪ ಹೊತ್ತಾದ ಮೇಲೆ ಪಟ್ಟನೆ ಹಾರಿಹೋಗುತ್ತವೆ. ಅದು ಯಾಕೆ?

ಉತ್ತರ (ಭೌತಶಾಸ್ತ್ರ ಉಪನ್ಯಾಸಕಿ): ಚಾರ್ಜ್ ಇಲ್ಲ ಅಂದರೆ ಒಳಗೆ ಏನೂ ಇಲ್ಲ ಅಂತ ಅಲ್ಲ. ಪ್ಲಸ್ಸು ಮೈನಸ್ಸು ಎರಡೂ ಬೇಕಾದಷ್ಟಿವೆ, ಲೆಕ್ಕ ಸರಿಸಮ ಆಗಿದೆ ಅಷ್ಟೆ. ಕೇವಲ 1 ಗ್ರಾಂ ತಾಮ್ರದಲ್ಲಿರುವ ಎಲೆಕ್ಟ್ರಾನುಗಳ ಆವೇಶ ಕೂಡಿದರೆ ಸುಮಾರು 44,000 ಕೂಲಂಬ್ (ಆವೇಶ ಅಳೆಯುವ ಮಾನ) ಆಗುತ್ತದೆ. ಅಷ್ಟೇ ಪ್ಲಸ್ ಕೂಡ ಇರುವುದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ.

ತಲೆ ಬಾಚುವಾಗ ಕೂದಲಿನ ಒಂದಿಷ್ಟು ಎಲೆಕ್ಟ್ರಾನುಗಳು ಪ್ಲಾಸ್ಟಿಕ್ ಬಾಚಣಿಗೆಗೆ ಹೋಗುತ್ತವೆ. ಹೊಸದಾಗಿ ಏನೂ ಹುಟ್ಟಲಿಲ್ಲ, ಇಲ್ಲಿದ್ದದ್ದು ಅಲ್ಲಿಗೆ ಹೋಯಿತು. ಈಗ ಬಾಚಣಿಗೆ ಮೈನಸ್. ಅದನ್ನು ಕಾಗದದ ಹತ್ತಿರ ತಂದಾಗ ಕಾಗದದೊಳಗಿನ ಎಲೆಕ್ಟ್ರಾನುಗಳು ಚೂರೇ ಚೂರು ಆಚೆ ಕಡೆಗೆ, ಬಾಚಣಿಗೆಯಿಂದ ದೂರ ಸರಿಯುತ್ತವೆ. ಬಾಚಣಿಗೆಯ ಕಡೆಯ ಮೈ ಪ್ಲಸ್, ಆಚೆ ಮೈ ಮೈನಸ್. ಇದನ್ನೇ ಧ್ರುವೀಕರಣ ಅನ್ನುವುದು. ಒಟ್ಟು ಚಾರ್ಜ್ ಈಗಲೂ ಸೊನ್ನೆಯೇ. ಆದರೆ ಪ್ಲಸ್ ಬದಿ ಬಾಚಣಿಗೆಗೆ ಹತ್ತಿರ, ಮೈನಸ್ ಬದಿ ದೂರ. ಹತ್ತಿರದ ಎಳೆತ ಜಾಸ್ತಿ, ದೂರದ ತಳ್ಳಾಟ ಕಡಿಮೆ. ಎಳೆತವೇ ಗೆಲ್ಲುತ್ತದೆ.

ಚೂರು ಬಾಚಣಿಗೆಗೆ ಅಂಟಿಕೊಂಡಾಗ ನಿಧಾನಕ್ಕೆ ಒಂದಿಷ್ಟು ಮೈನಸ್ ಚಾರ್ಜ್ ಅದಕ್ಕೂ ಬರುತ್ತದೆ. ಆಗ ಎರಡೂ ಒಂದೇ ಜಾತಿ. ಅದಕ್ಕೇ ಪಟ್ಟನೆ ಹಾರುವುದು.

ವಿದ್ಯಾರ್ಥಿನಿ: ಹಾಗಾದರೆ ಒಂದು ವಸ್ತುವಿಗೆ ಚಾರ್ಜ್ ಇದೆಯೋ ಇಲ್ಲವೋ ಅಂತ ಎಳೆತ ನೋಡಿ ಹೇಳುವ ಹಾಗಿಲ್ಲ?

ಉತ್ತರ: ಭೇಷ್! ಇದನ್ನು ನಾನೇ ಹೇಳಬೇಕು ಅಂತಿದ್ದೆ. ಎಳೆತ ಪುರಾವೆ ಆಗುವುದಿಲ್ಲ. ಎರಡು ವಸ್ತುಗಳು ಒಂದನ್ನೊಂದು ತಳ್ಳಿದರೆ ಮಾತ್ರ ಎರಡಕ್ಕೂ ಚಾರ್ಜ್ ಇದೆ ಅಂತ ಗಟ್ಟಿಯಾಗಿ ಹೇಳಬಹುದು.

ಒಂದು ಸೆಲೋಟೇಪ್ ಇದ್ದರೆ ಕೈಯಾರೆ ನೋಡಿ. ಗೇಣುದ್ದದ ಎರಡು ಪಟ್ಟಿ ಕತ್ತರಿಸಿ. ತುದಿಯನ್ನು ಸ್ವಲ್ಪ ಮಡಿಚಿಕೊಳ್ಳಿ, ಇಲ್ಲದಿದ್ದರೆ ಬೆರಳಿಗೆ ಅಂಟಿ ಪರದಾಟ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಅಂಟಿಸಿ, ಸರಕ್ಕನೆ ಕಿತ್ತು, ನೇತಾಡುವ ಹಾಗೆ ಹಿಡಿದು ಹತ್ತಿರ ತನ್ನಿ. ದೂರ ದೂರ ಬಾಗುತ್ತವೆ, ಎರಡಕ್ಕೂ ಒಂದೇ ಚಾರ್ಜ್. ಆಮೇಲೆ ಒಂದರ ಬೆನ್ನ ಮೇಲೆ ಇನ್ನೊಂದನ್ನು ಅಂಟಿಸಿ. ಜೋಡಿಯನ್ನು ಬೆರಳಿನಿಂದ ಒಮ್ಮೆ ಸವರಿ, ಇದ್ದಬದ್ದ ಚಾರ್ಜ್ ಹೋಗಲಿ. ಈಗ ಎರಡನ್ನೂ ಬಿಡಿಸಿ ಹತ್ತಿರ ತನ್ನಿ. ಒಂದನ್ನೊಂದು ಎಳೆಯುತ್ತವೆ. ಒಂದು ಕಳೆದುಕೊಂಡದ್ದು ಇನ್ನೊಂದಕ್ಕೆ ಹೋಗಿದೆ.

ಮಳೆ ಬರುವ ದಿನ ಮಾಡಬೇಡಿ, ಮುಖಭಂಗ ಆಗುತ್ತದೆ. ತೇವ ಇದ್ದಾಗ ವಸ್ತುಗಳ ಮೈಮೇಲೆ ನೀರಿನ ತೆಳು ಪದರ ಕೂರುತ್ತದೆ, ಚಾರ್ಜ್ ಅದರ ಮೂಲಕ ಸೋರಿಹೋಗುತ್ತದೆ. ತರಗತಿಯಲ್ಲಿ ನನಗೇ ಎರಡು ಸಲ ಹಾಗಾಗಿದೆ.

ಇನ್ನೊಬ್ಬ ಸದಸ್ಯರು: ಮೇಡಂ, 1 ಕೂಲಂಬ್‌ನ ಎರಡು ಆವೇಶಗಳನ್ನು 1 ಮೀಟರ್ ದೂರದಲ್ಲಿಟ್ಟರೆ ಬಲ 9 × 10⁹ ನ್ಯೂಟನ್ ಅಂತ ಪುಸ್ತಕದಲ್ಲಿದೆ. 1 ಆಂಪಿಯರ್ ಅಂದರೆ ಸೆಕೆಂಡಿಗೆ 1 ಕೂಲಂಬ್ ಅಂತಲೂ ಇದೆ. ಹಾಗಾದರೆ ಕರೆಂಟು ಹರಿಯುವ ಎರಡು ವೈರುಗಳು ಒಂದನ್ನೊಂದು ತಳ್ಳಿ ಗೋಡೆ ಒಡೆದುಕೊಂಡು ಹೋಗಬೇಕಿತ್ತು ಅಲ್ವಾ?

ಉತ್ತರ: ಚೆನ್ನಾಗಿ ಹಿಡಿದಿರಿ. 900 ಕೋಟಿ ನ್ಯೂಟನ್ ಅಂದರೆ ಸುಮಾರು 9 ಲಕ್ಷ ಟನ್ ತೂಕ. ಆದರೆ ವೈರಿಗೆ ಚಾರ್ಜ್ ಏರಿಲ್ಲ. ಎಲೆಕ್ಟ್ರಾನುಗಳು ಹರಿಯುತ್ತಿವೆ ನಿಜ, ಪಕ್ಕದಲ್ಲೇ ತಾಮ್ರದ ಪ್ಲಸ್ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಟ್ಟ ಪರಮಾಣುಗಳು, ನಿಂತಿವೆ. ಈ ತುದಿಯಿಂದ ಎಷ್ಟು ಎಲೆಕ್ಟ್ರಾನ್ ಹೋದವೋ ಆ ತುದಿಯಿಂದ ಅಷ್ಟೇ ಬಂದವು. ಲೆಕ್ಕ ಯಾವಾಗಲೂ ಸರಿ. ಪಾಠದ ಆ 1 ಕೂಲಂಬ್ ಅಂದರೆ ಜೊತೆಗಾರ ಇಲ್ಲದ, ಒಂಟಿ ಆವೇಶ. ಅದನ್ನು ಒಂದು ಕಡೆ ಗುಡ್ಡೆ ಹಾಕುವುದು ಆಗದ ಮಾತು. ಬಾಚಣಿಗೆಗೆ ಬರುವುದನ್ನು ನ್ಯಾನೋಕೂಲಂಬ್‌ನಲ್ಲಿ, ಅಂದರೆ ಕೂಲಂಬ್‌ನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತೇವೆ. ಒಂದು ನ್ಯಾನೋಕೂಲಂಬ್ ಅಂದರೂ ಸುಮಾರು 624 ಕೋಟಿ ಎಲೆಕ್ಟ್ರಾನ್ ಆಯಿತು.

ಇದೇ ನೆಪದಲ್ಲಿ ಒಂದು ಮಾತು. ಮೈನಸ್ ಅಂದರೆ ಏನೋ ಕಡಿಮೆ ಇದೆ ಅಂತ ಸುಮಾರು ಮಕ್ಕಳು ಅಂದುಕೊಳ್ಳುತ್ತಾರೆ. ಎಲೆಕ್ಟ್ರಾನ್ ಜಾಸ್ತಿ ಇದ್ದರೆ ಮೈನಸ್, ಕಡಿಮೆಯಾದರೆ ಪ್ಲಸ್. ಈ ಎಡವಟ್ಟು ಹೆಸರಿಟ್ಟದ್ದು ಬೆಂಜಮಿನ್ ಫ್ರಾಂಕ್ಲಿನ್, 18ನೇ ಶತಮಾನದಲ್ಲಿ. ಎಲೆಕ್ಟ್ರಾನ್ ಗೊತ್ತಾದದ್ದು 1897ರಲ್ಲಿ. ಪಾಪ, ಅವರ ತಪ್ಪೇನಿಲ್ಲ.

ವಿದ್ಯಾರ್ಥಿನಿ: ಮೇಡಂ, ವಿದ್ಯುತ್ ಕ್ಷೇತ್ರ ಮಾತ್ರ ತಲೆಗೆ ಹೋಗುತ್ತಿಲ್ಲ. ಕೂಲಂಬ್ ನಿಯಮದಲ್ಲಿ ಎರಡು ಆವೇಶಗಳ ನಡುವಿನ ಬಲ ಸಿಕ್ಕಿತಲ್ಲ, ಮತ್ತೆ ಕ್ಷೇತ್ರ ಅಂತ ಇನ್ನೊಂದು ಯಾಕೆ? ಬಲವನ್ನು ಆವೇಶದಿಂದ ಭಾಗಿಸುವುದು ಅಂತ ಬಾಯಿಪಾಠ ಮಾಡಿದ್ದೇನೆ, ಅಷ್ಟೆ.

ಉತ್ತರ: ನಾನೂ ಓದುವಾಗ ಬಾಯಿಪಾಠವೇ ಮಾಡಿದ್ದೆ. ಬಲ ಎರಡು ಆವೇಶಗಳ ನಡುವಿನ ವ್ಯವಹಾರ. ಇಬ್ಬರೂ ಇರಬೇಕು. ಕ್ಷೇತ್ರ ಹಾಗಲ್ಲ, ಅದು ಜಾಗಕ್ಕೆ ಸೇರಿದ್ದು. ಬಾಚಣಿಗೆಯೊಂದೇ ಇದೆ, ಸುತ್ತ ಏನೂ ಇಲ್ಲ ಅಂದುಕೊಳ್ಳಿ. ಆಗಲೂ ಆ ಖಾಲಿ ಜಾಗದ ಒಂದೊಂದು ಬಿಂದುವಿನಲ್ಲೂ 'ಇಲ್ಲಿ 1 ಕೂಲಂಬ್ ತಂದಿಟ್ಟರೆ ಇಷ್ಟು ಬಲ, ಈ ದಿಕ್ಕಿಗೆ' ಅಂತ ಬರೆದಿಟ್ಟ ಹಾಗೆ ಇರುತ್ತದೆ. ನೀವು ತಂದಿಡುತ್ತೀರೋ ಬಿಡುತ್ತೀರೋ, ಆ ಬರಹ ಬದಲಾಗುವುದಿಲ್ಲ. ಮೈನಸ್ ಆವೇಶ ಇಟ್ಟರೆ ಬಲದ ದಿಕ್ಕು ತಿರುಗುತ್ತದೆ, ಕ್ಷೇತ್ರದ ದಿಕ್ಕು ತಿರುಗುವುದಿಲ್ಲ. ಪರೀಕ್ಷೆಯಲ್ಲಿ ಹೆಚ್ಚು ಮಂದಿ ಬೀಳುವುದು ಇಲ್ಲೇ.

ಲೆಕ್ಕ ಹಾಕೋಣ. ಬಾಚಣಿಗೆಯ ತುದಿಯಲ್ಲಿ 1 ನ್ಯಾನೋಕೂಲಂಬ್ ಒಂದೇ ಚುಕ್ಕೆಯಂತೆ ಇದೆ ಅಂದುಕೊಳ್ಳಿ. 10 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ ಕೂಲಂಬ್‌ಗೆ 900 ನ್ಯೂಟನ್. 1 ಸೆಂಟಿಮೀಟರ್ ಹತ್ತಿರಕ್ಕೆ ಬಂದರೆ 90,000. ದೂರ ಹತ್ತನೇ ಒಂದಾಯಿತು, ಕ್ಷೇತ್ರ ನೂರು ಪಟ್ಟಾಯಿತು. ಇದು ಸುಮಾರು 30 ಲಕ್ಷ ಮುಟ್ಟಿದರೆ ಗಾಳಿಯೇ ತಡೆಯಲಾರದೆ ಸೋಲುತ್ತದೆ, ಕಿಡಿ ಹಾರುತ್ತದೆ. ಸ್ವೆಟರ್ ತೆಗೆಯುವಾಗ ಚಟಪಟ ಅನ್ನುವುದು ಅದೇ.

ಈಗ ನಿಮ್ಮ ಕಾಗದಕ್ಕೇ ಬನ್ನಿ. ಹತ್ತಿರದ ಬದಿಗೆ ಎಳೆತ ಜಾಸ್ತಿ ಅಂದೆನಲ್ಲ, ಅದಕ್ಕೆ ಕಾರಣ ಬಾಚಣಿಗೆಯ ಕ್ಷೇತ್ರ ದೂರ ಹೋದಂತೆ ಕುಗ್ಗುವುದು. ಎಲ್ಲ ಕಡೆ ಒಂದೇ ಸಮನಾದ ಕ್ಷೇತ್ರದಲ್ಲಿ ಆ ಚೂರನ್ನಿಟ್ಟಿದ್ದರೆ ಎರಡು ಬದಿಯ ಬಲಗಳೂ ಸಮ ಆಗಿ, ಅದು ಬೇಕಾದರೆ ತಿರುಗೀತು, ಜಾಗ ಬಿಟ್ಟು ಸರಿಯುತ್ತಿರಲಿಲ್ಲ.

ಕ್ಷೇತ್ರ ಬರೀ ಲೆಕ್ಕದ ಅನುಕೂಲಕ್ಕೆ ಅಂತಲೂ ಅಂದುಕೊಳ್ಳಬೇಡಿ. ಇಲ್ಲಿ ಒಂದು ಆವೇಶವನ್ನು ಅಲ್ಲಾಡಿಸಿದರೆ ದೂರದ ಆವೇಶಕ್ಕೆ ಆ ಕ್ಷಣವೇ ಗೊತ್ತಾಗುವುದಿಲ್ಲ. ಸುದ್ದಿ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಹೋಗಿ ಮುಟ್ಟಬೇಕು. ನಡುದಾರಿಯಲ್ಲಿ ಆ ಸುದ್ದಿ ಇರುವುದು ಕ್ಷೇತ್ರದಲ್ಲೇ. ಬಲರೇಖೆಗಳನ್ನು ಎಳೆದು ಈ ಯೋಚನೆ ಬೆಳೆಸಿದವರು ಮೈಕೆಲ್ ಫ್ಯಾರಡೆ. ಅವರಿಗೆ ಗಣಿತ ಅಷ್ಟಾಗಿ ಬರುತ್ತಿರಲಿಲ್ಲ, ಅದು ನನಗೆ ಬಲು ಇಷ್ಟದ ವಿಷಯ.

ಮತ್ತೊಬ್ಬರು: +4 ಮತ್ತು +1 ಮೈಕ್ರೋಕೂಲಂಬ್ ಆವೇಶಗಳು, ನಡುವೆ 30 ಸೆಂಟಿಮೀಟರ್. ಕ್ಷೇತ್ರ ಸೊನ್ನೆ ಎಲ್ಲಿ? ನನ್ನ ಮಗ ಸರಿಯಾಗಿ ಮಧ್ಯದಲ್ಲಿ ಅನ್ನುತ್ತಾನೆ.

ಉತ್ತರ: ಮಧ್ಯದಲ್ಲಿ ನಿಂತರೆ ದೊಡ್ಡದೇ ಜಾಸ್ತಿ ತಳ್ಳುತ್ತದೆ ಅಲ್ವಾ. ಆದ್ದರಿಂದ ಚಿಕ್ಕದರ ಕಡೆಗೆ ಸರಿಯಬೇಕು. ಆವೇಶ ನಾಲ್ಕು ಪಟ್ಟು, ಹಾಗಾಗಿ ದೂರ ಎರಡು ಪಟ್ಟು. ದೊಡ್ಡದರಿಂದ 20, ಚಿಕ್ಕದರಿಂದ 10 ಸೆಂಟಿಮೀಟರ್. ಚಿಕ್ಕದನ್ನು −1 ಮಾಡಿ ಇನ್ನೊಮ್ಮೆ ಬಿಡಿಸಲು ಹೇಳಿ. ಈಗ ನಡುವೆ ಎಲ್ಲೂ ಸೊನ್ನೆ ಸಿಗುವುದಿಲ್ಲ. ಚಿಕ್ಕದನ್ನು ದಾಟಿ ಆಚೆ 30 ಸೆಂಟಿಮೀಟರ್ ಹೋಗಬೇಕು.

ಇನ್ನೊಬ್ಬ ಸದಸ್ಯರು: ಸಿಡಿಲು ಬರುವಾಗ ಕಾರೊಳಗೆ ಇದ್ದರೆ ಸೇಫ್ ಅಂತಾರೆ. ರಬ್ಬರ್ ಟೈರ್ ಇರೋದಕ್ಕಾ?

ಉತ್ತರ: ಅಲ್ಲ. ಕಿಲೋಮೀಟರುಗಟ್ಟಲೆ ಗಾಳಿ ಸೀಳಿಕೊಂಡು ಬಂದದ್ದಕ್ಕೆ ಒಂದಿಷ್ಟು ರಬ್ಬರ್ ಯಾವ ಲೆಕ್ಕ? ಬೈಕಿಗೂ ರಬ್ಬರ್ ಟೈರೇ ಇದೆ, ಅದು ಕಾಯುವುದಿಲ್ಲ. ಕಾಯುವುದು ಕಾರಿನ ಲೋಹದ ಮೈ. ಚಾರ್ಜ್ ಹೊರಮೈಯಲ್ಲೇ ಹರಿದು ನೆಲಕ್ಕೆ ಹೋಗುತ್ತದೆ. 1836ರಲ್ಲಿ ಫ್ಯಾರಡೆ ಲೋಹ ಹೊದಿಸಿದ ಕೋಣೆಯಂಥ ಪೆಟ್ಟಿಗೆ ಕಟ್ಟಿ, ಹೊರಗೆ ಕಿಡಿ ಹಾರಿಸಿ, ಒಳಗೆ ಚಾರ್ಜ್ ಸುಳಿಯುವುದಿಲ್ಲ ಅಂತ ತೋರಿಸಿದ್ದರು. ಕಿಟಕಿ ಮುಚ್ಚಿ, ಒಳಗಿನ ಲೋಹ ಮುಟ್ಟದೆ ಕೂತಿರಿ.

ವಿದ್ಯಾರ್ಥಿನಿ: ಮೇಡಂ, ಟೇಪ್ ಮಾಡಿದೆ! ಮೇಜಿನಿಂದ ಕಿತ್ತ ಎರಡೂ ದೂರ ಹೋದವು. ಬಿಡಿಸಿದ ಜೋಡಿ ಒಂದನ್ನೊಂದು ಎಳೆಯಿತು. ಆದರೆ ಎಲ್ಲವೂ ನನ್ನ ಬೆರಳಿನ ಕಡೆಗೂ ಬರುತ್ತವೆ, ಪ್ಲಸ್ಸೂ ಬರುತ್ತದೆ, ಮೈನಸ್ಸೂ ಬರುತ್ತದೆ. ನನ್ನ ಬೆರಳಿಗೆ ಯಾವ ಚಾರ್ಜ್... ಓ, ತಡೀರಿ. ನನ್ನ ಬೆರಳೇ ಕಾಗದ!

ಉತ್ತರ: ಹ್ಞೂಂ, ಅದೇ. ಕಾಗದಕ್ಕಿಂತ ಒಂದು ಕೈ ಜಾಸ್ತಿ, ನಮ್ಮ ಮೈ ವಾಹಕ. ಚಾರ್ಜುಗಳು ಇನ್ನೂ ಸಲೀಸಾಗಿ ಸರಿಯುತ್ತವೆ.